ಹಳೆಯ ಬೆಂಗಳೂರಿನ ಶಾಲೆಗಳ ತಾರತಮ್ಯ ವಿಚಾರ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಮಹಾಜನರೇ, ಕನ್ನಡ ನಾಡಿನಲ್ಲಿ ‘ಮಠ’ವೆಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದ್ದಿತು. ಗುರುವು ನೆಲಸಿರುವ ಸ್ಥಾನವು ಒಂದು. ಹುಡುಗರು ಅಕ್ಷರ ಕಲಿಯುವ ಸ್ಥಾನವು ಇನ್ನೊಂದು. ಮೈಸೂರು ಸೀಮೆಯಲ್ಲಿ ಸರಕಾರದ ವಿದ್ಯಾ ಇಲಾಖೆಯು 1857ರಲ್ಲಿ ಏರ್ಪಡುವುದಕ್ಕೆ ಎಷ್ಟೋ ಕಾಲ ಮುಂಚಿನಿಂದಲೂ ಹಳ್ಳಿಯ ಹುಡುಗನು ಮರಳಿನ ಮೇಲೆ ಓನಾಮ ತಿದ್ದುತ್ತಿದ್ದುದು ಕೂಲಿಮಠದಲ್ಲಿ, ಐಗಳ ಮಠದಲ್ಲಿ. ಆ ಐಗಳ ಬೆತ್ತವನ್ನು ಇಂದು ಯಾರೂ ಹೊಗಳಬೇಕಾಗಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಗಮನಿಸತಕ್ಕ ಗುಣವೊಂದಿದ್ದಿತು. ತಂದೆಯಾದವನು ಐಗಳ ಯೋಗ್ಯತೆಯನ್ನು ಅಳೆಯುತ್ತಿದ್ದುದು ತನ್ನ ಮಗನಿಂದ. ನಿನ್ನೆ ಓದಲಾರದಿದ್ದ ಹುಡುಗನು ಇಂದು ಜಗಲಿಯ ಮೇಲೆ ಕುಳಿತು ಕಾಗದವನ್ನು ಓದಿ ಹೇಳಿದನೆ, ಸಂತೆಯ ಲೆಕ್ಕವನ್ನು ಬಾಯಿಯಲ್ಲಿಯೇ ಕೂಡಿಸಿದನೆ ಎಂಬುದಷ್ಟೇ ಅವನಿಗೆ ಬೇಕಾಗಿದ್ದಿತು. ನೆರೆಯೂರಿನ ಐಗಳ ಮಠದಲ್ಲಿ ಶೇಕಡಾ ಎಷ್ಟು ಮಂದಿ ಓದಬಲ್ಲರೆಂಬ ಪಟ್ಟಿಯು ಅವನ ಕೈಯಲ್ಲಿ ಇರಲಿಲ್ಲ.

ಈಗ ಆ ಪಟ್ಟಿಯು ಎಲ್ಲರ ಕೈಯಲ್ಲಿಯೂ ಇರುವುದು. ಬೇಸಗೆಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದ ದಿನ ಸಂಜೆ ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ, ಚಾಮರಾಜಪೇಟೆಯ ಯಾವ ಅಡ್ಡರಸ್ತೆಯಲ್ಲಾಗಲಿ ಮಾತು ಇದೊಂದೇ. ಯಾವ ಶಾಲೆಗೆ ನೂರಕ್ಕೆ ನೂರು ಬಂದಿತು, ಯಾವುದು ಎಪ್ಪತ್ತಕ್ಕೆ ಇಳಿಯಿತು, ಮುಂದಿನ ಜೂನ್ ತಿಂಗಳಿನಲ್ಲಿ ಮಗುವನ್ನು ಎಲ್ಲಿ ಸೇರಿಸತಕ್ಕದ್ದು. ಈ ಚರ್ಚೆಯು ಅಯುಕ್ತವೆಂದು ಹೇಳುವಂತಿಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯ ಕೆಲಸವನ್ನು ಸಾರ್ವಜನಿಕರು ಪರೀಕ್ಷಿಸಲೇಬೇಕು. ವಿಚಾರಿಸಬೇಕಾದುದು ಅಳತೆಗೋಲಿನ ಮಾತನ್ನು. ಆ ಶೇಕಡಾ ಸಂಖ್ಯೆಯು ಅಳೆಯುವುದು ಶಾಲೆಯನ್ನೊ, ಶಾಲೆಯ ಬಾಗಿಲಿಗೆ ಬರುವ ಮನೆತನಗಳನ್ನೊ?

ಮೊದಲು ಈ ಮೂರು ಬಡಾವಣೆಗಳ ಪೂರ್ವವೃತ್ತಾಂತವನ್ನು ಸ್ವಲ್ಪ ನೆನೆಯಬೇಕು. ಚಾಮರಾಜಪೇಟೆಯು ಕೋಟೆಯ ಪಶ್ಚಿಮಕ್ಕೆ 1892ರ ಸುಮಾರಿಗೆ ನಿರ್ಮಾಣವಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಅದೇ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಬರಿದುಮಾಡಿದ ತರುವಾಯ ಬೇಗಬೇಗನೆ ಬೆಳೆದುವು. ಅಲ್ಲಿ ಮನೆ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಓದು ಬರೆಹ ಬಲ್ಲ ಮನೆತನದವರು. ಅಮಲ್ದಾರರು, ಗುಮಾಸ್ತರು, ವಕೀಲರು, ಉಪಾಧ್ಯಾಯರು. ಮಲ್ಲೇಶ್ವರಕ್ಕೆ ಸಮೀಪದಲ್ಲಿಯೇ 1909ರಲ್ಲಿ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಮಂದಿರವು ಎದ್ದಿತು. ಬಸವನಗುಡಿಯ ಆಸುಪಾಸಿನಲ್ಲಿ ಡಿ.ವಿ. ಗುಂಡಪ್ಪನವರು, ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ವಾಸವಾಗಿದ್ದರು. ಇಂತಹ ನೆರೆಯಲ್ಲಿ ಶಾಲೆಯೆಂಬುದು ಮನೆಯಲ್ಲಿ ಆಗಲೇ ಹತ್ತಿದ ದೀಪಕ್ಕೆ ಎಣ್ಣೆಯನ್ನು ಎರೆಯುವ ಕೆಲಸವನ್ನಷ್ಟೇ ಮಾಡಿದರೂ ಸಾಕಾಗಿದ್ದಿತು.

ಶಾಲೆಗಳೂ ಒಂದೊಂದಾಗಿ ಎದ್ದುವು. ಕೋಟೆಯ ಬಳಿ 1907ರಲ್ಲಿ ಸರಕಾರದ ಫೋರ್ಟ್ ಹೈಸ್ಕೂಲಿನ ಕಟ್ಟಡವು ಎದ್ದಿತು. ಇಂದಿಗೂ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಹೋಗುವವರ ಕಣ್ಣು ಅದರ ಕಡೆ ತಿರುಗದೆ ಇರಲಾರದು. ಬಸವನಗುಡಿಯಲ್ಲಿ ಸ್ತ್ರೀಯರ ವಿದ್ಯಾಭ್ಯಾಸಕ್ಕಾಗಿ 1913ರಲ್ಲಿ ಮಹಿಳಾ ಸೇವಾ ಸಮಾಜವು ಪ್ರಾರಂಭವಾಯಿತು. ಶ್ರೀಮತಿ ಅನಿಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಉದ್ಯಮದಿಂದ ಪ್ರೇರಿತರಾದವರು 1917ರಲ್ಲಿ ನ್ಯಾಷನಲ್ ಹೈಸ್ಕೂಲನ್ನು ತೆರೆದರು. 1935ರಲ್ಲಿ ಆಚಾರ್ಯ ಪಾಠಶಾಲೆಯೂ, 1938ರಲ್ಲಿ ಆರ್. ಕಲ್ಯಾಣಮ್ಮನವರಿಂದ ಚಾಮರಾಜಪೇಟೆಯ ಮಕ್ಕಳ ಕೂಟವೂ ಹುಟ್ಟಿದುವು. ಸರಕಾರದ ಶಾಲೆ, ಸರಕಾರದ ಸಹಾಯಧನದಿಂದ ನಡೆಯುವ ಶಾಲೆ, ಸ್ವಂತ ಶುಲ್ಕದಿಂದ ನಡೆಯುವ ಶಾಲೆ ಎಂಬ ಮೂರು ಬಗೆಗಳೂ ಕಾಲು ಗಂಟೆಯ ನಡಿಗೆಯೊಳಗೆ ಸಿಗುವ ಪ್ರದೇಶವಿದು. ಹೋಲಿಸಿ ನೋಡುವ ಆಸೆಯು ಇಂತಹ ಸ್ಥಳದಲ್ಲಿ ಹುಟ್ಟುವುದು ಸಹಜವೇ ಸರಿ.

ಇನ್ನು ಶೇಕಡಾ ಸಂಖ್ಯೆಯ ಸ್ವಭಾವವನ್ನು ನೋಡಲಾಗಿ, ಅದು ಜನರು ನಂಬಿರುವಷ್ಟು ಗಟ್ಟಿಯಾದ ವಸ್ತುವಲ್ಲವೆಂದು ಕಂಡುಬರುವುದು. ಇಡೀ ಕರ್ನಾಟಕದ ಎಸ್.ಎಸ್.ಎಲ್.ಸಿ. ಫಲಿತಾಂಶವು 2019ರಲ್ಲಿ ಶೇಕಡಾ 73.70, 2020ರಲ್ಲಿ 71.80. 2021ರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ತೇರ್ಗಡೆಯಾದರು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲರೂ ಸರಸ್ವತೀಪುತ್ರರಾದರೆಂದು ಭಾವಿಸಬೇಕಾದುದಿಲ್ಲ. ಕೊರೋನಾ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿದ್ದುವು. ಪರೀಕ್ಷೆಯು ಜುಲೈ ತಿಂಗಳಿನ ಎರಡೇ ದಿನಗಳಲ್ಲಿ ಸರಿಯುತ್ತರವನ್ನು ಗುರುತಿಸುವ ಪ್ರಶ್ನೆಗಳಿಂದ ನಡೆಯಿತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರಕಾರವು ಮೊದಲೇ ಸಾರಿದ್ದಿತು. ತರುವಾಯ 2022ರಲ್ಲಿ 85.63, 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಇರಿಸಿ ಅಂತರ್ಜಾಲದ ಮೂಲಕ ಕಾವಲು ನೋಡುವ ಏರ್ಪಾಡಾಯಿತು. ಫಲಿತಾಂಶವು ತೀರ ಕುಸಿಯುವ ಸಂಭವ ಕಂಡುದರಿಂದ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಲಾಯಿತು. ಹಾಗಿದ್ದರೂ ನಿಂತುದು 73.40ಕ್ಕೆ. 2025ರಲ್ಲಿ ಆ ಸಡಿಲಿಕೆಯನ್ನು ತೆಗೆದುಹಾಕಲಾಗಿ ಮೊದಲ ಪರೀಕ್ಷೆಗೆ ಕುಳಿತ 8,42,173 ಮಂದಿಯಲ್ಲಿ 5,24,984 ಮಂದಿ ತೇರ್ಗಡೆಯಾದರು. ಇದು ಶೇಕಡಾ 62.34. ಆದರೆ ಶಾಲೆಗಳ ಮೂಲಕ ಮೊದಲನೆಯ ಸಲ ಕುಳಿತವರನ್ನು ಮಾತ್ರ ಎಣಿಸಿದರೆ 66.14 ಆಗುವುದು. ಒಂದೇ ದಿನ, ಒಂದೇ ಪರೀಕ್ಷೆಗೆ ಎರಡು ಅಂಕಿಗಳು, ಎರಡೂ ನಿಜವೇ. ಮುಂದೆ ಅದೇ ವರ್ಷದ ಅಕ್ಟೋಬರಿನಲ್ಲಿ ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನೇ ಶೇಕಡಾ 35ರಿಂದ 33ಕ್ಕೆ ಇಳಿಸುವ ನಿರ್ಧಾರವು ಪ್ರಕಟವಾಯಿತು.

ಈ ಏಳು ವರ್ಷಗಳ ಏರಿಳಿತದಲ್ಲಿ ಉಪಾಧ್ಯಾಯರು ಬಹುಮಟ್ಟಿಗೆ ಅವರೇ, ಶಾಲೆಗಳು ಅವೇ, ಪಾಠಗಳೂ ಅವೇ. ಬದಲಾದುದು ಕಾವಲು, ಕೃಪೆ ಮತ್ತು ಎಣಿಸುವ ರೀತಿ. ಹೀಗಿರುವಲ್ಲಿ ಒಂದು ಶಾಲೆಯು ಹೋದ ವರ್ಷಕ್ಕಿಂತ ಹತ್ತಂಶ ಇಳಿಯಿತೆಂದು ಮುಖ್ಯೋಪಾಧ್ಯಾಯರನ್ನು ನಿಂದಿಸುವುದಕ್ಕಾಗಲಿ, ಹತ್ತಂಶ ಏರಿತೆಂದು ಅವರಿಗೆ ಶಾಲು ಹೊದಿಸುವುದಕ್ಕಾಗಲಿ ಆತುರಪಡಬಾರದು. ಒಂದೇ ವರ್ಷದಲ್ಲಿ, ಒಂದೇ ಕಾವಲಿನ ಕೆಳಗೆ ಬರೆದ ನೆರೆಹೊರೆಯ ಶಾಲೆಗಳನ್ನು ಹೋಲಿಸಬಹುದಲ್ಲವೆ ಎಂದು ಕೇಳುವವರಿರುವರು. ಹೋಲಿಸಬಹುದು. ಆದರೆ ಅಲ್ಲಿಯೂ ಬೇರೊಂದು ತೊಡಕು ಇರುವುದು, ಅದೇ ಮುಖ್ಯವಾದುದು.

ಊಹೆಗಾಗಿ ಎರಡು ಶಾಲೆಗಳನ್ನು ತೆಗೆದುಕೊಳ್ಳೋಣವಾಗಲಿ. ಮೊದಲನೆಯದು ಎಂಟನೆಯ ತರಗತಿಗೆ ಪ್ರವೇಶಪರೀಕ್ಷೆಯಿಂದ ಆರಿಸಿ 40 ಮಕ್ಕಳನ್ನು ಸೇರಿಸಿಕೊಂಡಿತು. ಎಲ್ಲರೂ ಚೆನ್ನಾಗಿ ಓದಬಲ್ಲವರು. ಒಂಬತ್ತನೆಯ ತರಗತಿಯ ಕೊನೆಯಲ್ಲಿ, ಸೋಲಬಹುದೆಂದು ತೋರಿದ ನಾಲ್ವರ ತಂದೆತಾಯಿಗಳನ್ನು ಕರೆಯಿಸಿ, ಮಕ್ಕಳನ್ನು ಬೇರೆಡೆಗೆ ಕರೆದುಕೊಂಡು ಹೋಗುವುದು ಶ್ರೇಯಸ್ಕರವೆಂದು ಮೆಲ್ಲನೆ ತಿಳಿಸಲಾಯಿತು. ಉಳಿದ 36 ಮಂದಿಯೂ ಪರೀಕ್ಷೆಗೆ ಕುಳಿತು 36 ಮಂದಿಯೂ ತೇರ್ಗಡೆಯಾದರು. ಶೇಕಡಾ ನೂರು, ಬಾಗಿಲಿಗೆ ಬಣ್ಣದ ಫಲಕ. ಎರಡನೆಯ ಶಾಲೆಯು ಬಂದವರನ್ನು ಬಂದಂತೆ ಸೇರಿಸಿಕೊಂಡಿತು. ಅದರ 40 ಮಕ್ಕಳಲ್ಲಿ 16 ಮಂದಿಗೆ ಒಂದು ಸಣ್ಣ ಕಥೆಯನ್ನು ತಡೆಯಿಲ್ಲದೆ ಓದಲು ಬರುತ್ತಿರಲಿಲ್ಲ. ಯಾರನ್ನೂ ಹೊರಗೆ ಕಳುಹಿಸಲಿಲ್ಲ. 40 ಮಂದಿಯೂ ಕುಳಿತರು. 30 ಮಂದಿ ತೇರ್ಗಡೆಯಾದರು. ಶೇಕಡಾ 75. ಮೊದಲನೆಯ ಶಾಲೆಯ ನಿಜವಾದ ಲೆಕ್ಕವು 40ಕ್ಕೆ 36; ಶೇಕಡಾ 90. ಎರಡನೆಯದರಲ್ಲಿ ಓದಬಲ್ಲವರಿದ್ದುದು 24 ಮಂದಿ. ಅವರೆಲ್ಲರೂ ತೇರ್ಗಡೆಯಾದರೆಂದು ಇಟ್ಟುಕೊಂಡರೂ, ಹದಿಮೂರನೆಯ ವಯಸ್ಸಿನಲ್ಲಿ ಓದಲು ಬಾರದಿದ್ದ ಆರು ಮಂದಿಯನ್ನಾದರೂ ಆ ಶಾಲೆಯು ಮೂರು ವರ್ಷಗಳಲ್ಲಿ ದಡ ಮುಟ್ಟಿಸಿರಲೇಬೇಕು. ಮೊದಲನೆಯ ಶಾಲೆಗೆ ಇಂತಹ ಮಗು ಒಂದೂ ಬಂದಿರಲಿಲ್ಲ. ಆದುದರಿಂದ ಆ ವಿದ್ಯೆಯು ಅದಕ್ಕೆ ತಿಳಿದಿರುವುದೊ ಇಲ್ಲವೊ ಯಾರಿಗೂ ಗೊತ್ತಿಲ್ಲ. ಪತ್ರಿಕೆಯ ಪಟ್ಟಿಯಲ್ಲಿ ಆ ಆರು ಮಂದಿಗೆ ಕಾಲಮೇ ಇಲ್ಲ. ಹೊರಗೆ ಕಳುಹಿಸಲ್ಪಟ್ಟ ನಾಲ್ವರಿಗೂ ಇಲ್ಲ. ಅವರು ಬಹುಶಃ ಎರಡನೆಯಂತಹ ಶಾಲೆಯ ಹತ್ತನೆಯ ತರಗತಿಗೆ ಬಂದು ಸೇರಿ, ಅದರ ಶೇಕಡಾ ಸಂಖ್ಯೆಯನ್ನು ಇನ್ನಷ್ಟು ಇಳಿಸುವರು.

ಫಲಿತಾಂಶದಿಂದ ಶಾಲೆಯನ್ನು ಅಳೆದು ಅದಕ್ಕೆ ತಕ್ಕಂತೆ ಹಣ ಕೊಡುವ ಪ್ರಯೋಗವು ಹೊಸತೇನೂ ಅಲ್ಲ. ಇಂಗ್ಲೆಂಡಿನಲ್ಲಿ 1862ರ ನಿಬಂಧನೆಗಳಂತೆ ಇನ್‌ಸ್ಪೆಕ್ಟರನು ವರ್ಷಕ್ಕೊಮ್ಮೆ ಬಂದು ಪ್ರತಿ ಮಗುವನ್ನೂ ಓದು, ಬರೆಹ, ಲೆಕ್ಕಗಳಲ್ಲಿ ಪರೀಕ್ಷಿಸಿ, ತೇರ್ಗಡೆಯಾದ ತಲೆಗಳನ್ನು ಎಣಿಸಿ ಸಹಾಯಧನವನ್ನು ಗೊತ್ತುಮಾಡುತ್ತಿದ್ದನು. ಪರಿಣಾಮವು ಏನಾಯಿತೆಂದರೆ, ಉಪಾಧ್ಯಾಯರು ವರ್ಷವೆಲ್ಲ ಒಂದೇ ಪುಸ್ತಕವನ್ನು ಉರುಹೊಡೆಯಿಸಿದರು; ಮಕ್ಕಳು ಪುಟವನ್ನು ನೋಡದೆಯೇ ಓದುವುದನ್ನು ಕಲಿತರು. ಕವಿಯಾಗಿ ಪ್ರಖ್ಯಾತನಾದ ಮ್ಯಾಥ್ಯೂ ಆರ್ನಾಲ್ಡನು ಸ್ವತಃ ಶಾಲೆಗಳ ಇನ್‌ಸ್ಪೆಕ್ಟರನಾಗಿದ್ದು, ಈ ಪದ್ಧತಿಯು ಬೋಧನೆಯನ್ನು ಯಂತ್ರವನ್ನಾಗಿಸುವುದೆಂದು ವರ್ಷವರ್ಷವೂ ಆಕ್ಷೇಪಿಸಿದನು. 1890ರ ದಶಕದಲ್ಲಿ ಅದನ್ನು ಕೈಬಿಡಲಾಯಿತು. ನೂರು ವರ್ಷಗಳಾದ ಮೇಲೆ, 1992ರಿಂದ ಅದೇ ದೇಶದಲ್ಲಿ ಶಾಲೆಗಳ ಫಲಿತಾಂಶದ ಪಟ್ಟಿಗಳು ಪ್ರಕಟವಾಗತೊಡಗಿದುವು. ಹತ್ತು ವರ್ಷಗಳೊಳಗೆ ಅವುಗಳ ದೋಷವು ಕಂಡುಬಂದು, ಮಗುವು ಸೇರಿದಾಗ ಎಷ್ಟು ಬಲ್ಲದಾಗಿದ್ದಿತು, ಬಿಡುವಾಗ ಎಷ್ಟು ಬಲ್ಲದಾಯಿತು ಎಂಬ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ನೆರೆಯ ವೇಲ್ಸ್ ಸೀಮೆಯವರು 2001ರಲ್ಲಿ ಪಟ್ಟಿಯನ್ನೇ ನಿಲ್ಲಿಸಿದರು. ಅಮೆರಿಕದಲ್ಲಿ 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸನು ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಕುರಿತು ಕೊಟ್ಟ ವರದಿಯಲ್ಲಿ, ಅಂಕಗಳ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ ಪುಸ್ತಕಗಳಿಗಿಂತ ಮನೆಯ ಸ್ಥಿತಿಯೇ ಹೆಚ್ಚಿನ ಕಾರಣವೆಂದು ತೋರಿಸಿದ್ದನು.

ಅಷ್ಟು ದೂರಕ್ಕೇಕೆ? ತೆಲುಗು ಸೀಮೆಯ ಒಂದು ನಿದರ್ಶನವು ಕೈಗೆಟಕುವಂತಿರುವುದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಆಂಧ್ರಪ್ರದೇಶದ 180 ಗ್ರಾಮಗಳಲ್ಲಿ ಸರಕಾರಿ ಶಾಲೆಯ ಮಕ್ಕಳಲ್ಲಿ ಚೀಟಿಯೆತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಶುಲ್ಕವನ್ನು ಕೊಡಿಸಿದ ಪ್ರಯೋಗವನ್ನು ನಾಲ್ಕು ವರ್ಷಗಳ ಕಾಲ ಪರಿಶೀಲಿಸಿ, 2015ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಚೀಟಿಯು ಮನೆತನವನ್ನು ನೋಡುವುದಿಲ್ಲವಾದುದರಿಂದ, ಇಲ್ಲಿ ಮನೆಯ ಪ್ರಭಾವವನ್ನು ಬೇರ್ಪಡಿಸಿ ಶಾಲೆಯೊಂದನ್ನೇ ತೂಗಿದಂತಾಯಿತು. ತೆಲುಗು ಮತ್ತು ಗಣಿತಗಳಲ್ಲಿ ಎರಡು ಗುಂಪಿನ ಮಕ್ಕಳೂ ಒಂದೇ ಸಮನಾಗಿದ್ದರು. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಮುಂದಿದ್ದರು. ಖಾಸಗಿಯವರ ಪಕ್ಷಪಾತಿಗಳು ನೆನಪಿಡಬೇಕಾದುದು ಮೊದಲಿನ ಮಾತನ್ನು. ಸರಕಾರದ ಪಕ್ಷಪಾತಿಗಳು ನೆನಪಿಡಬೇಕಾದುದು ಇನ್ನೊಂದನ್ನು: ಖಾಸಗಿ ಶಾಲೆಯವರು ತೆಲುಗು ಮತ್ತು ಗಣಿತಕ್ಕೆ ಕಡಮೆ ಹೊತ್ತನ್ನೂ, ಪ್ರತಿ ಮಗುವಿಗೆ ಸರಕಾರಿ ಶಾಲೆಯ ಮೂರನೆಯ ಒಂದು ಪಾಲಿಗಿಂತ ಕಡಮೆ ಹಣವನ್ನೂ ವೆಚ್ಚಮಾಡಿ ಆ ಸಮಾನತೆಯನ್ನು ಪಡೆದಿದ್ದರು. ಸರಕಾರಿ ಶಾಲೆಯ ಉಪಾಧ್ಯಾಯರ ಗೈರುಹಾಜರಿಯನ್ನೂ ಆಲಸ್ಯವನ್ನೂ ಬಡಮಕ್ಕಳ ಹೆಸರಿನ ಹಿಂದೆ ಮುಚ್ಚಿಡಲು ಈ ಉಪನ್ಯಾಸದಿಂದ ಯಾರಿಗೂ ಅವಕಾಶ ಸಿಕ್ಕಬಾರದು. ಸರಿಯಾದ ಅಳತೆಯು ಸೋಮಾರಿಯನ್ನು ಹೆಚ್ಚು ಬೇಗ ಬಯಲಿಗೆಳೆಯುವುದೇ ಹೊರತು ರಕ್ಷಿಸುವುದಿಲ್ಲ.

ಇನ್ನು ಯಾವ ಪಟ್ಟಿಯಲ್ಲಿಯೂ ಕಾಣದ ಮತ್ತೊಂದು ವಿಷಯ. ಶ್ರೀಮಠದ ಈ ಮಹೋತ್ಸವದಲ್ಲಿ ಅದನ್ನು ಹೇಳದಿರುವುದು ಲೋಪವಾದೀತು. ಅದು ಅನ್ನದ ವಿಷಯ. ಹಿಂದೆ ಬೆಂಗಳೂರಿಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗರಿಗೆ ಬಸವನಗುಡಿ ಚಾಮರಾಜಪೇಟೆಗಳ ಮನೆಗಳಲ್ಲಿ ವಾರಾನ್ನವು ದೊರೆಯುತ್ತಿದ್ದಿತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅದು ದೊಡ್ಡ ಧರ್ಮವೇ ಸರಿ. ಇತರ ಸಮಾಜಗಳ ಹಳ್ಳಿಯ ಹುಡುಗರಿಗೆ ಆ ಬಾಗಿಲುಗಳು ತೆರೆದಿರಲಿಲ್ಲ. ಗುಬ್ಬಿಯಲ್ಲಿ 1838ರಲ್ಲಿ ಜನಿಸಿ ಬೆಂಗಳೂರಿನಲ್ಲಿ ವ್ಯಾಪಾರದಿಂದ ಸಂಪಾದಿಸಿದ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಂದ ಪ್ರಾರಂಭೋತ್ಸವವನ್ನು ಹೊಂದಿತು; 1905ರಲ್ಲಿ ವೀರಶೈವ ವಿದ್ಯಾರ್ಥಿಗಳಿಗಾಗಿ ಉಚಿತ ನಿಲಯವು ಅದಕ್ಕೆ ಸೇರಿತು. ಮಾಗಡಿ ತಾಲ್ಲೂಕು ವೀರಾಪುರದಿಂದ ಬಂದ ಒಬ್ಬ ಯುವಕನು 1927ರಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿದಾಗ ಆ ನಿಲಯದಲ್ಲಿಯೇ ಆಶ್ರಯವನ್ನು ಪಡೆದನು. ಮುಂದೆ 1941ರಲ್ಲಿ ಸಿದ್ಧಗಂಗೆಯ ಅಧಿಕಾರವನ್ನು ವಹಿಸಿ, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಸಾವಿರಾರು ಮಕ್ಕಳಿಗೆ ನಡೆಯಿಸಿದ ಶ್ರೀ ಶಿವಕುಮಾರ ಸ್ವಾಮಿಗಳವರು ಆತನೇ. ಸೆಂಟ್ರಲ್ ಕಾಲೇಜಿನ ಫಲಿತಾಂಶದ ಪಟ್ಟಿಯಲ್ಲಿ ತೋಟದಪ್ಪನವರ ಅಕ್ಕಿಯ ಮೂಟೆಗಳು ಎಂದೂ ನಮೂದಾಗಲಿಲ್ಲ.

ನ್ಯಾಷನಲ್ ಹೈಸ್ಕೂಲಿನ ಚರಿತ್ರೆಯಲ್ಲಿಯೂ ಇಂತಹುದೇ ಒಂದು ಪ್ರಸಂಗವಿರುವುದು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಬಡ ಕುಟುಂಬದ ಹುಡುಗನೊಬ್ಬನು 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಿಂದ ಬಂದು ಆ ಶಾಲೆಯನ್ನು ಸೇರಿದನು. ಮರುವರ್ಷ ಮಹಾತ್ಮಾ ಗಾಂಧಿಯವರು ಶಾಲೆಗೆ ದಯಮಾಡಿಸಿದಾಗ ಅವರ ಹಿಂದಿ ಮಾತುಗಳನ್ನು ಕನ್ನಡಿಸಿ ಹೇಳಿದವನು ಅವನೇ. ಆತನು ಭೌತಶಾಸ್ತ್ರದ ಅಧ್ಯಾಪಕನಾಗಿ, ಅಮೆರಿಕದ ಓಹಿಯೋದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸಂಸ್ಥೆಯನ್ನು ಕಟ್ಟಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯ ಪೀಠದವರೆಗೆ ಏರಿದ ಹೆಚ್. ನರಸಿಂಹಯ್ಯನವರು. ಹಳ್ಳಿಯ ಮಿಡಲ್ ಸ್ಕೂಲಿನಿಂದ ಬಂದ ಹುಡುಗನೆಂದು ಆ ದಿನ ಬಾಗಿಲಲ್ಲಿಯೇ ತಿರುಗಿಸಿ ಕಳುಹಿಸಿದ್ದರೆ ಶಾಲೆಯ ಶೇಕಡಾ ಸಂಖ್ಯೆಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ನಷ್ಟವು ಬೇರೆಯವರದಾಗುತ್ತಿತ್ತು.

ಹೀಗೆ ಬಾಗಿಲನ್ನು ತೆರೆಯುವ ವಾದವು ಮೈಸೂರು ಸಂಸ್ಥಾನದಲ್ಲಿ ಬಹು ಬಿರುಸಾಗಿ ನಡೆದುದು ವಿದಿತವೇ. ಪರೀಕ್ಷೆಯ ಅಂಕವೇ ಯೋಗ್ಯತೆಯೆಂದು ಒಂದು ಪಕ್ಷ. ಪರೀಕ್ಷೆಯವರೆಗೆ ಬರುವ ದಾರಿಯು ಎಲ್ಲರಿಗೂ ಒಂದೇ ಸಮನಾಗಿರಲಿಲ್ಲವೆಂದು ಇನ್ನೊಂದು ಪಕ್ಷ. 1918ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಲೆಸ್ಲಿ ಮಿಲ್ಲರ್ ಸಮಿತಿಯು ಎರಡನೆಯ ಪಕ್ಷದ ಮಾತನ್ನು ಬಹುಮಟ್ಟಿಗೆ ಅಂಗೀಕರಿಸಿತು. ಆ ದಿನಗಳಲ್ಲಿ ದಾರಿಯು ಸಮನಾಗಿಲ್ಲವೆಂದು ವಾದಿಸಿ ಗೆದ್ದವರಲ್ಲಿ ಲಿಂಗಾಯತರೂ ಒಕ್ಕಲಿಗರೂ ಮುಂದಾಗಿದ್ದರು. ಅವರ ಮೊಮ್ಮಕ್ಕಳು ಇಂದು ನೂರಕ್ಕೆ ನೂರರ ಫಲಕವನ್ನು ನೋಡಿ ಸರಕಾರಿ ಶಾಲೆಯ ಮಕ್ಕಳನ್ನು ಹೀಗಳೆಯುವುದಾದರೆ, ಅಜ್ಜಂದಿರ ವಾದವನ್ನು ತಾವೇ ತಿರಸ್ಕರಿಸಿದಂತಾಗುವುದು. ಮಾತು ಸ್ವಲ್ಪ ಕಟುವಾಯಿತು. ಆದರೂ ಇಲ್ಲಿ ಆಡಬೇಕಾದ ಮಾತು.

ಏತಕ್ಕೆಂದರೆ ಈ ಮೂರು ಬಡಾವಣೆಗಳ ಸರಕಾರಿ ಶಾಲೆಗಳಲ್ಲಿ ಈಗ ಕುಳಿತಿರುವವರು ಯಾರು? ಅಮಲ್ದಾರರ ಮೊಮ್ಮಕ್ಕಳು ಬಹುಕಾಲದ ಹಿಂದೆಯೇ ಇಂಗ್ಲಿಷು ಮಾಧ್ಯಮದ ಖಾಸಗಿ ಶಾಲೆಗಳಿಗೆ ಹೊರಟುಹೋದರು. ಬೆಂಚುಗಳ ಮೇಲೆ ಇರುವವರು ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹೂವು ಮಾರುವವರ, ಹಮಾಲಿ ಮಾಡುವವರ, ಅದೇ ಅಮಲ್ದಾರರ ಹಳೆಯ ಮನೆಗಳನ್ನು ಕೆಡವಿ ಎದ್ದಿರುವ ಮಾಳಿಗೆಗಳಲ್ಲಿ ಪಾತ್ರೆ ತೊಳೆಯುವವರ, ಆ ಮಾಳಿಗೆಗಳನ್ನು ಕಟ್ಟಲು ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಬಂದವರ ಮಕ್ಕಳು. 2024ರ ಫಲಿತಾಂಶದಲ್ಲಿ ಉಡುಪಿ ಜಿಲ್ಲೆಗೆ ಶೇಕಡಾ 94 ಬಂದಿದ್ದಾಗ ಯಾದಗಿರಿಗೆ ಬಂದುದು 50.59. ಅಲ್ಲಿಯ ಮಗುವು ಐದಾರು ತಿಂಗಳು ಇಲ್ಲಿ, ಐದಾರು ತಿಂಗಳು ಅಲ್ಲಿ ಓದಿ, ಹತ್ತನೆಯ ತರಗತಿಯ ಹೊತ್ತಿಗೆ ಬೆಂಗಳೂರಿನ ಶಾಲೆಯ ಲೆಕ್ಕಕ್ಕೆ ಬೀಳುವುದು. ಮನೆಯಲ್ಲಿ ತೆಲುಗೊ ತಮಿಳೊ ಉರ್ದುವೊ ಆಡುವ ಮಕ್ಕಳೂ ಅಲ್ಲಿಯೇ ಇರುವರು.

ಇವರನ್ನೂ ಖಾಸಗಿ ಶಾಲೆಯ ಮಕ್ಕಳೊಂದಿಗೆ ಒಂದೇ ಬೆಂಚಿನಲ್ಲಿ ಕೂಡಿಸುವ ಒಂದು ಅವಕಾಶವಿದ್ದಿತು. 2009ರ ಶಿಕ್ಷಣದ ಹಕ್ಕಿನ ಶಾಸನದಂತೆ ಖಾಸಗಿ ಶಾಲೆಗಳು ತಮ್ಮ ಪ್ರವೇಶದಲ್ಲಿ ನಾಲ್ಕನೆಯ ಒಂದು ಪಾಲನ್ನು ನೆರೆಯ ಬಡಮಕ್ಕಳಿಗೆ ಕೊಡಬೇಕಾಗಿದ್ದಿತು. ಕರ್ನಾಟಕದಲ್ಲಿ ಅದು 2012ರಿಂದ ನಡೆಯಿತು. 2019ರಿಂದ ನಿಯಮವು ಬದಲಾಗಿ, ನೆರೆಯಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದಾಯಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತೆ ಹೆಜ್ಜೆಹೆಜ್ಜೆಗೂ ಹಳೆಯ ಶಾಲೆಗಳಿರುವ ಪ್ರದೇಶದಲ್ಲಿ ಇದರ ಫಲವೇನೆಂಬುದನ್ನು ವಿವರಿಸಬೇಕಾಗಿಲ್ಲ. ಬಡವರ ಮಗುವಿಗೆ ಸರಕಾರಿ ಇಲ್ಲವೆ ಅನುದಾನಿತ ಶಾಲೆ, ಉಳ್ಳವರಿಗೆ ಉಳಿದುದು. ಬೇರ್ಪಡಿಸುವ ಕೆಲಸವು ಮೊದಲು ಮುಗಿಯುವುದು, ಹೋಲಿಸುವ ಕೆಲಸವು ಆಮೇಲೆ ಪ್ರಾರಂಭವಾಗುವುದು.

ಹಾಗಾದರೆ ಆ ಶಾಲೆಗಳಿಗೆ ಯಾವ ಬಲವೂ ಇಲ್ಲವೊ? ಇರುವುದು. 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡಿಗೆಲ್ಲ ಹಬ್ಬಿದ ಮಧ್ಯಾಹ್ನದ ಊಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶರಣರ ಶಬ್ದವನ್ನು ಇಲಾಖೆಯು ಎರವಲು ಪಡೆದುದು ಒಳ್ಳೆಯದೇ. ಆದರೆ ದಾಸೋಹದಲ್ಲಿ ಉಣ್ಣುವವನ ಯೋಗ್ಯತೆಯನ್ನು ಕೇಳುವಂತಿಲ್ಲವೆಂಬ ನಿಯಮವೂ ಆ ಶಬ್ದದೊಂದಿಗೆ ಬರುವುದು. ಅನುಭವಮಂಟಪದಲ್ಲಿ ಹಗ್ಗ ಹೊಸೆಯುವ ಚಂದಯ್ಯನೂ, ಅಕ್ಕಿಯನ್ನು ಆಯ್ದು ತರುವ ಮಾರಯ್ಯನೂ ಕುಳಿತುಕೊಳ್ಳುವುದಕ್ಕೆ ಪ್ರವೇಶಪರೀಕ್ಷೆಯಿರಲಿಲ್ಲ.

ಸರಿಯಾದ ತುಲನೆಯನ್ನು ಮಾಡುವುದು ಹೇಗೆಂಬುದು ಉಳಿಯಿತು. ಅದಕ್ಕೆ ದೊಡ್ಡ ವಿದ್ವಾಂಸರ ಅವಶ್ಯಕತೆಯಿಲ್ಲ. ಮೂರು ಬಡಾವಣೆಗಳಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರು, ಬ್ಯಾಂಕುಗಳಲ್ಲಿ ಕೆಲಸ ಮಾಡಿ ವಿಶ್ರಾಂತರಾದವರು, ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿ ಮುಂದೆ ಬಂದವರು ಸಾಕಷ್ಟು ಮಂದಿ ಇರುವರು. ಶಾಲೆಗಳ ಅಭಿವೃದ್ಧಿ ಸಮಿತಿಗಳ ಒಪ್ಪಿಗೆಯಿಂದ ಜೂನ್ ತಿಂಗಳಿನಲ್ಲಿ ಒಂದು ದಿನ, ಮಾರ್ಚಿಗೆ ಮುಂಚೆ ಒಂದು ದಿನ, ಪ್ರತಿ ಮಗುವಿನ ಪಕ್ಕದಲ್ಲಿ ಕುಳಿತು ಅದೇ ಅರ್ಧ ಪುಟದ ಕಥೆಯನ್ನು ಓದಿಸಿ, ಅದೇ ಬಗೆಯ ಭಾಗಾಕಾರವನ್ನು ಮಾಡಿಸಿ ಗುರುತು ಹಾಕಿದರೆ, ಒಂದು ವರ್ಷದಲ್ಲಿ ಯಾವ ಶಾಲೆಯು ಎಷ್ಟು ಮಕ್ಕಳನ್ನು ಎಲ್ಲಿಂದ ಎಲ್ಲಿಗೆ ಕರೆದೊಯ್ದಿತೆಂಬುದು ತಿಳಿಯುವುದು. ಆ ಗುರುತುಗಳನ್ನು ಮಕ್ಕಳ ಹೆಸರಿನಿಂದ ಪ್ರಕಟಿಸಕೂಡದು. ಇಲಾಖೆಯ ನೋಟೀಸಿಗೂ ಅವು ಆಧಾರವಾಗಕೂಡದು. ಅಳತೆಯ ಹಿಂದೆ ಶಿಕ್ಷೆಯು ನಿಂತೊಡನೆಯೇ ಇಂಗ್ಲೆಂಡಿನ ಉರುಹೊಡೆಯುವ ಮಕ್ಕಳು ಇಲ್ಲಿಯೂ ಹುಟ್ಟುವರು.

ಅಲ್ಲಿಯವರೆಗೆ, ಮಗುವನ್ನು ಸೇರಿಸಲು ಶಾಲೆಗೆ ಹೋಗುವ ತಂದೆತಾಯಿಗಳು ಬಾಗಿಲಿನ ಫಲಕವನ್ನು ಓದಿದ ಮೇಲೆ ಒಳಕ್ಕೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳತಕ್ಕ ವಿಷಯವೊಂದಿರುವುದು. ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ, ಅದೇ ಮಕ್ಕಳ ಗುಂಪು ಎಂಟನೆಯ ತರಗತಿಯಲ್ಲಿದ್ದಾಗ ಹಾಜರಿಪುಸ್ತಕದಲ್ಲಿ ಎಷ್ಟು ಹೆಸರುಗಳಿದ್ದುವು? ಎರಡು ಸಂಖ್ಯೆಗಳಿಗೂ ವ್ಯತ್ಯಾಸವಿದ್ದಲ್ಲಿ, ಹೋದವರ ಹೆಸರಿನ ಮುಂದೆ ಕಾರಣವೇನೆಂದು ಬರೆದಿದೆ? ‘ಊರಿಗೆ ಹೋದನು’ ಎಂದಷ್ಟೇ ಬರೆದಿದ್ದರೆ, ಯಾವ ಊರಿಗೆ, ಅಲ್ಲಿ ಯಾವ ಶಾಲೆಗೆ ಎಂದು ಇನ್ನೊಂದು ಮಾತನ್ನು ಕೇಳತಕ್ಕದ್ದು.